ಅಮ್ಮನ ಗ್ಯಾಸ್ಟ್ರಿಕ್ ಮಾತ್ರೆ, ಆಮ್‌ಸ್ಟರ್‌ಡ್ಯಾಮಿನ ಸ್ಯಾಂಪಲ್ಲು: ಕರುಳಿನ ಬ್ಯಾಕ್ಟೀರಿಯಾಕ್ಕೂ ಜನಾಂಗಕ್ಕೂ ಏನು ನಂಟು?

ಕಾಲುವೆಪಕ್ಕ | ಭಾನುವಾರ, ರಾತ್ರಿ 10:12

ಎಲ್ಲರಿಗೂ ನಮಸ್ಕಾರ. ನಮ್ಮದು ಅರಸೀಕೆರೆ ಕಡೆ. ಈಗ ಆರು ವರ್ಷದಿಂದ ನೆದರ್ಲೆಂಡ್ಸಿನ ಆಮ್‌ಸ್ಟೆಲ್ವೀನ್‌ನಲ್ಲಿ ಇದ್ದೇನೆ. ಸ್ವಲ್ಪ ಉದ್ದದ ಪೋಸ್ಟು, ಬೈಬೇಡಿ.

ಅಮ್ಮ ಮೂರು ತಿಂಗಳಿಗೆ ಅಂತ ಬಂದಿದ್ದಾರೆ. ಸೂಟ್‌ಕೇಸ್ ಬಿಚ್ಚಿದರೆ ಹುಣಸೇಹಣ್ಣು, ಸಾರಿನಪುಡಿ, ಅದರ ಕೆಳಗೆ ರಬ್ಬರ್‌ಬ್ಯಾಂಡ್ ಹಾಕಿದ ಪ್ಯಾಂಟೊಪ್ರಜೋಲ್ ಅನ್ನುವ ಗ್ಯಾಸ್ಟ್ರಿಕ್ ಮಾತ್ರೆ ಸ್ಟ್ರಿಪ್‌ಗಳ ಕಟ್ಟು. ಆರು ಸ್ಟ್ರಿಪ್, ಒಂದೊಂದರಲ್ಲಿ 15. ಲೆಕ್ಕ ಸರಿಯಾಗಿ 90 ದಿನಕ್ಕೆ. ಬೆಳಗ್ಗೆ ಮುಖ ತೊಳೆದ ಕೂಡಲೇ ಒಂದು. ಯಾವಾಗಿಂದ ಅಮ್ಮಾ ಅಂತ ಕೇಳಿದರೆ "ನಿನ್ನ ಮದುವೆ ವರ್ಷದಿಂದ" ಅಂದರು. ನನ್ನ ಮದುವೆಯಾಗಿ ಏಳು ವರ್ಷ! ಆಗ ಮಂಡಿನೋವಿಗೆ ಕೊಟ್ಟ ಮಾತ್ರೆ ಹೊಟ್ಟೆ ಸುಡಬಾರದು ಅಂತ ಜೊತೆಗೆ ಇದನ್ನೂ ಬರೆದಿದ್ದರಂತೆ. ಮಂಡಿಯ ಮಾತ್ರೆ 15 ದಿನಕ್ಕೆ ಮುಗಿಯಿತು. ಇದು ಮುಗಿಯಲೇ ಇಲ್ಲ.

ಇದನ್ನು ಆಫೀಸಿನಲ್ಲಿ ಹೇಳುವಾಗ ಪಕ್ಕದ ಸೀಟಿನವರು ಒಂದು ವಿಷಯ ತೆಗೆದರು. ಅವರು ಸುರಿನಾಮಿನ (ದಕ್ಷಿಣ ಅಮೆರಿಕದಲ್ಲಿದ್ದ ಡಚ್ ವಸಾಹತು) ಹಿಂದೂಸ್ತಾನಿ. ಅವರ ಮುತ್ತಜ್ಜನ ಕಡೆಯವರು ಕಲ್ಕತ್ತಾದಿಂದ ಹಡಗು ಹತ್ತಿ ಕಬ್ಬಿನ ತೋಟಕ್ಕೆ ಹೋದವರು. ಆಮ್‌ಸ್ಟರ್‌ಡ್ಯಾಮಿನಲ್ಲಿ ಬೇರೆ ಬೇರೆ ಜನಾಂಗದವರ ಮಲದ ಸ್ಯಾಂಪಲ್ ತೆಗೆದು ಬ್ಯಾಕ್ಟೀರಿಯಾ ನೋಡಿದ್ದಾರಂತೆ. "ನಮ್ಮವರದೇ ಎಲ್ಲಕ್ಕಿಂತ ಬಡ ಕರುಳು ಅಂತ ಬಂತು" ಅಂತ ನಕ್ಕರು.

ನನ್ನ ಪ್ರಶ್ನೆ ಇಷ್ಟೇ. ಜನಾಂಗ ನೋಡಿಕೊಂಡು ಬ್ಯಾಕ್ಟೀರಿಯಾ ಬದಲಾಗುತ್ತದಾ? ಗಂಡು ಹೆಣ್ಣು ಅಂತ ವ್ಯತ್ಯಾಸ ಇದೆಯಾ? ಅಮ್ಮನ ಮಾತ್ರೆಗೂ ಇದಕ್ಕೂ ಸಂಬಂಧ ಉಂಟಾ? ತಿಳಿದವರು ಹೇಳಿ.

ಮಾತ್ರೆಡಬ್ಬಿ | ಸೋಮವಾರ, ಬೆಳಗ್ಗೆ 7:05

ದಾವಣಗೆರೆಯಲ್ಲಿ ಮೆಡಿಕಲ್ ಶಾಪ್ ನಡೆಸುತ್ತಾ 19 ವರ್ಷ ಆಯಿತು. ನಿಮ್ಮ ತಾಯಿಯಂಥವರು ನನ್ನ ಕೌಂಟರ್ ಮುಂದೆ ದಿನಕ್ಕೆ ಹತ್ತು ಜನ ನಿಲ್ಲುತ್ತಾರೆ. ಚೀಟಿ ಇಲ್ಲ, ಮಾತ್ರೆಯ ಹೆಸರೂ ಬರುವುದಿಲ್ಲ. ಹಳೇ ಸ್ಟ್ರಿಪ್ಪಿನ ಒಂದು ತುಂಡು ಕತ್ತರಿಸಿ ಪರ್ಸಿನಲ್ಲಿ ಇಟ್ಟುಕೊಂಡು ಬಂದು "ಇದೇ ಕೊಡಪ್ಪ" ಅನ್ನುತ್ತಾರೆ. ನಾನೂ ಕೊಟ್ಟಿದ್ದೇನೆ. ತಪ್ಪು ನನ್ನದೂ ಇದೆ.

ನಮ್ಮ ಕಡೆ ಗ್ಯಾಸ್ಟ್ರಿಕ್ ಅಂದರೆ ಎಲ್ಲವೂ ಬಂತು. ಎದೆಯುರಿ, ಹುಳಿತೇಗು, ಹೊಟ್ಟೆ ಉಬ್ಬರ, ಕೊನೆಗೆ ಬೆನ್ನು ಹಿಡಿದುಕೊಂಡರೂ ಗ್ಯಾಸ್ಟ್ರಿಕ್ಕೇ. ಈ ಮಾತ್ರೆ ಆಮ್ಲ ಕಡಿಮೆ ಮಾಡುತ್ತದೆ, ಅಷ್ಟೇ. ಉಬ್ಬರಕ್ಕೆ ಇದರಿಂದ ಏನೂ ಆಗಲ್ಲ.

ಎರಡು ಪ್ರಶ್ನೆ ಸಾರ್. ಅಮ್ಮ ಆಸ್ಪಿರಿನ್ ಅಥವಾ ರಕ್ತ ತೆಳುವಾಗುವ ಬೇರೆ ಮಾತ್ರೆ ತಗೊಳ್ಳುತ್ತಾರಾ? ಹಿಂದೆ ಯಾವಾಗಲಾದರೂ ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತ ಹೋಗಿತ್ತಾ? ಎರಡರಲ್ಲಿ ಒಂದಕ್ಕೆ ಹೌದು ಅಂದರೂ ಮಾತ್ರೆಗೆ ಕೈ ಹಚ್ಚಬೇಡಿ. ಅಂಥವರಿಗೆ ಇದು ಬೇಕಾಗಿರಬಹುದು.

ಕಾಲುವೆಪಕ್ಕ | ಸೋಮವಾರ, ಮಧ್ಯಾಹ್ನ 1:40

ಎರಡೂ ಇಲ್ಲ ಸಾರ್. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಇದೆ. ಪಾದ ಜುಮ್ ಅನ್ನುತ್ತದೆ ಅಂತ ಒಂದು ವರ್ಷದಿಂದ ಹೇಳುತ್ತಿದ್ದಾರೆ. ಅದಕ್ಕೂ ಸಕ್ಕರೆಯೇ ಕಾರಣ ಅಂತ ಸುಮ್ನೆ ಇದ್ದೆವು.

ಹುದುಗು | ಸೋಮವಾರ, ರಾತ್ರಿ 9:30

ನನ್ನ ಕೆಲಸವೇ ಇದು (ಮೈಕ್ರೊಬಯಾಲಜಿ, ಬೆಂಗಳೂರು). ಹಾಗಾಗಿ ಸ್ವಲ್ಪ ಉದ್ದ ಆಗುತ್ತದೆ.

ನಿಮ್ಮ ಸಹೋದ್ಯೋಗಿ ಹೇಳಿದ್ದು ಹೀಲಿಯಸ್ ಅಧ್ಯಯನ. ಕರುಳಿನ ಬ್ಯಾಕ್ಟೀರಿಯಾದ ಭಾಗ 2018ರಲ್ಲಿ ನೇಚರ್ ಮೆಡಿಸಿನ್ ಪತ್ರಿಕೆಯಲ್ಲಿ ಬಂತು. 2,084 ಜನ, ಎಲ್ಲರೂ ಆಮ್‌ಸ್ಟರ್‌ಡ್ಯಾಮಿನವರು. ಆರು ಗುಂಪು: ಡಚ್ಚರು, ಘಾನಾದವರು, ಮೊರಾಕೊದವರು, ಟರ್ಕಿಯವರು, ಆಫ್ರಿಕನ್ ಮೂಲದ ಸುರಿನಾಮಿಗಳು, ದಕ್ಷಿಣ ಏಷ್ಯಾ ಮೂಲದ ಸುರಿನಾಮಿಗಳು. ಒಂದೇ ಊರು, ಅದೇ ನಲ್ಲಿ ನೀರು, ಅವೇ ಸೂಪರ್‌ಮಾರ್ಕೆಟ್. ಆದರೂ ಗುಂಪುಗಳ ಕರುಳು ಬೇರೆ ಬೇರೆ ಕಂಡಿತು. ಮೊರಾಕೊ, ಟರ್ಕಿ, ಘಾನಾದವರ ಕಡೆ ಪ್ರೆವೊಟೆಲ್ಲಾ ಅನ್ನುವ ಬ್ಯಾಕ್ಟೀರಿಯಾ ಎದ್ದು ಕಂಡಿತು. ಎರಡೂ ಸುರಿನಾಮಿ ಗುಂಪಿನಲ್ಲಿ ಬ್ಯಾಕ್ಟೀರಾಯ್ಡಿಸ್ ಅನ್ನುವ ಇನ್ನೊಂದು. ಡಚ್ಚರಲ್ಲಿ ಕ್ಲಾಸ್ಟ್ರಿಡಿಯಾಲಿಸ್ ಗುಂಪಿನವು. ಬ್ಯಾಕ್ಟೀರಿಯಾದ ವೈವಿಧ್ಯ ಡಚ್ಚರಲ್ಲಿ ಎಲ್ಲಕ್ಕಿಂತ ಜಾಸ್ತಿ, ದಕ್ಷಿಣ ಏಷ್ಯಾ ಮೂಲದವರಲ್ಲಿ ಎಲ್ಲಕ್ಕಿಂತ ಕಡಿಮೆ. ಊಟ, ಆದಾಯ, ಜೀವನಕ್ರಮ ಎಲ್ಲ ಲೆಕ್ಕಕ್ಕೆ ಹಿಡಿದರೂ ಈ ವ್ಯತ್ಯಾಸದಲ್ಲಿ ಒಂದು ಪಾಲಿಗೆ ಮಾತ್ರ ವಿವರಣೆ ಸಿಕ್ಕಿತು.

ಆದರೆ ಇದನ್ನು ನಿಮ್ಮ ಅಮ್ಮನಿಗೆ ಅಂಟಿಸಬೇಡಿ. ಆ ಗುಂಪಿನವರ ಹಿರಿಯರು ಹೆಚ್ಚಾಗಿ ಈಗಿನ ಪೂರ್ವ ಉತ್ತರ ಪ್ರದೇಶ, ಬಿಹಾರದ ಕಡೆಯವರು. ಮೊದಲ ಹಡಗು ಲಲ್ಲಾ ರೂಖ್ ಸುರಿನಾಮ್ ಮುಟ್ಟಿದ್ದು 1873ರಲ್ಲಿ. 1975ರಲ್ಲಿ ಸುರಿನಾಮ್ ಸ್ವತಂತ್ರವಾದಾಗ ಬಹಳಷ್ಟು ಜನ ನೆದರ್ಲೆಂಡ್ಸಿಗೆ ಬಂದರು. ಒಂದೂವರೆ ಶತಮಾನದಲ್ಲಿ ಎರಡು ಸಲ ಸಮುದ್ರ ದಾಟಿದ ಕರುಳು ಅದು. ಅರಸೀಕೆರೆಯ ಕರುಳಲ್ಲ.

ಮಾತ್ರೆ ವಿಷಯ ನಾಳೆ ಬರೆಯುತ್ತೇನೆ, ಕುಕ್ಕರ್ ಕೂಗ್ತಿದೆ.

ಕಡಲತಡಿ | ಸೋಮವಾರ, ರಾತ್ರಿ 10:02

ಜನಾಂಗ ಅಂದರೆ ಎಂಥದ್ದು ಮಾರಾಯ್ರೇ? ನಾನು ಮೀನಿಲ್ಲದೆ ಊಟ ಮಾಡುವವನಲ್ಲ. ಪಕ್ಕದ ಮನೆಯವರು ಈರುಳ್ಳಿ ಸಹ ಮುಟ್ಟುವುದಿಲ್ಲ. ಮನೆಯೊಳಗೆ ಇಬ್ಬರದ್ದೂ ತುಳುವೇ. ನಮ್ಮಿಬ್ಬರನ್ನು ಒಂದೇ ಡಬ್ಬಿಗೆ ಹಾಕಿ "ಕರಾವಳಿ ಕರುಳು" ಅಂತ ಬರೆದರೆ ಅದಕ್ಕೆ ಅರ್ಥ ಉಂಟಾ?

ಜೋಳದರೊಟ್ಟಿ | ಸೋಮವಾರ, ರಾತ್ರಿ 10:20

ಇನ್ನು ನೋಡ್ರಿ, ನಾಳೆ ಯಾರೋ ಒಬ್ಬರು ಬಂದು "ನಮ್ಮ ಜಾತಿಯ ಕರುಳೇ ಬೇರೆ" ಅಂತ ಸಂಘ ಕಟ್ಟುತ್ತಾರೆ. ಮೀಸಲಾತಿ ಅರ್ಜಿ ಜೊತೆ ಮಲದ ರಿಪೋರ್ಟ್ ಲಗತ್ತಿಸಬೇಕಾಗಬಹುದು. 😄

ಹುದುಗು | ಮಂಗಳವಾರ, ಸಂಜೆ 6:15

ನಗು ಬಂತು, ಆದರೆ ಇಬ್ಬರೂ ಸರಿಯಾದ ಜಾಗಕ್ಕೇ ಕೈ ಇಟ್ಟಿದ್ದೀರಿ.

ಹೀಲಿಯಸ್‌ನಲ್ಲಿ ಜನಾಂಗ ಅಂತ ಹಿಡಿದದ್ದು ಜೀನ್ ನೋಡಿ ಅಲ್ಲ. ನೀವು ಎಲ್ಲಿ ಹುಟ್ಟಿದಿರಿ, ಅಪ್ಪ ಅಮ್ಮ ಎಲ್ಲಿ ಹುಟ್ಟಿದರು ಅಂತ ಕೇಳಿ. ಸುರಿನಾಮಿಗಳಲ್ಲಿ ಯಾವ ಗುಂಪು ಅಂತ ಅವರೇ ಹೇಳಿದ್ದು. ಅಂದರೆ ಆ ಒಂದು ಪದದೊಳಗೆ ಅಡುಗೆಮನೆ, ಮಗುವಾಗಿದ್ದಾಗಿನ ನೀರು, ತಿಂದ ಆಂಟಿಬಯೊಟಿಕ್, ಬಡತನ, ವಲಸೆ ಎಲ್ಲ ತುಂಬಿಕೊಂಡಿದೆ.

ಇಸ್ರೇಲ್‌ನವರದು ತದ್ವಿರುದ್ಧ ಉದಾಹರಣೆ. ಅದೂ 2018ರದೇ. ಅಷ್ಕೆನಾಜಿ (ಯುರೋಪಿನ ಯಹೂದಿ), ಉತ್ತರ ಆಫ್ರಿಕಾ, ಯೆಮೆನ್ ಹೀಗೆ ಬೇರೆ ಬೇರೆ ಮೂಲದ 1,046 ಆರೋಗ್ಯವಂತರನ್ನು ನೋಡಿದರು. ವಂಶಮೂಲಕ್ಕೂ ಬ್ಯಾಕ್ಟೀರಿಯಾಕ್ಕೂ ಗಟ್ಟಿ ಸಂಬಂಧ ಸಿಗಲಿಲ್ಲ. ಆದರೆ ರಕ್ತಸಂಬಂಧ ಇಲ್ಲದೆ ಒಂದೇ ಮನೆಯಲ್ಲಿ ಇರುವವರ ಕರುಳು ಒಂದಕ್ಕೊಂದು ಹತ್ತಿರ ಇತ್ತು. ಹಾಗಾಗಿ ಜಾತಿ ಸಂಘ ಸದ್ಯಕ್ಕೆ ಬೇಡ.

ಊಟ ಎಷ್ಟು ಆಳಕ್ಕೆ ಇಳಿಯುತ್ತದೆ ಅನ್ನುವುದಕ್ಕೆ ನನಗೆ ಇಷ್ಟವಾದದ್ದು ಜಪಾನಿನ ಕಥೆ. ಅವರು ತಿನ್ನುವ ನೋರಿ ಅನ್ನುವ ಕಡಲ ಪಾಚಿಯಲ್ಲಿ ಒಂದು ಸಕ್ಕರೆ ಇದೆ. ನಮ್ಮ ಹೊಟ್ಟೆಗೆ ಅದನ್ನು ಒಡೆಯಲು ಬರುವುದಿಲ್ಲ. ಪಾಚಿ ಮೇಲೆ ಬದುಕುವ ಸಮುದ್ರದ ಬ್ಯಾಕ್ಟೀರಿಯಾಕ್ಕೆ ಬರುತ್ತದೆ. ಅದನ್ನು ಒಡೆಯುವ ಜೀನ್ ಜಪಾನೀಯರ ಕರುಳಿನ ಬ್ಯಾಕ್ಟೀರಿಯಾಕ್ಕೆ ದಾಟಿದೆ ಅಂತ 2010ರಲ್ಲಿ ತೋರಿಸಿದರು. ತಲೆಮಾರುಗಟ್ಟಲೆ ತಿಂದು ತಿಂದು ಕಡಲಿನ ವಿದ್ಯೆ ಕರುಳಿಗೆ ಬಂತು.

ನಮ್ಮಲ್ಲೇ ಭೋಪಾಲ್ ಮತ್ತು ಕೇರಳದ 110 ಜನರನ್ನು ಹೋಲಿಸಿದ ಅಧ್ಯಯನ 2019ರಲ್ಲಿ ಬಂತು. ಕಾಳು, ಧಾನ್ಯ ಜಾಸ್ತಿ ತಿನ್ನುವ ಭೋಪಾಲ್ ಕಡೆಯವರಲ್ಲಿ ಪ್ರೆವೊಟೆಲ್ಲಾ ಜೋರು. ಮೀನು ಮಾಂಸವನ್ನೂ ತಿನ್ನುವ ಕೇರಳದವರಲ್ಲಿ ಬ್ಯಾಕ್ಟೀರಾಯ್ಡಿಸ್ ಮತ್ತಿತರವು. ಎಲ್ಲರೂ ಭಾರತೀಯರೇ ಅಲ್ವಾ? ಕಡಲತಡಿಯವರ ಡಬ್ಬಿ ಪ್ರಶ್ನೆಗೆ ಇದಕ್ಕಿಂತ ಬೇರೆ ಉತ್ತರ ಬೇಡ.

ಪ್ರೆವೊಟೆಲ್ಲಾ ಒಳ್ಳೆಯದು, ಬ್ಯಾಕ್ಟೀರಾಯ್ಡಿಸ್ ಕೆಟ್ಟದ್ದು ಅಂತ ಓದಿಕೊಳ್ಳಬೇಡಿ. ನ್ಯೂಯಾರ್ಕಿನಲ್ಲಿ 2013ರಲ್ಲಿ ನೋಡಿದಾಗ, ಹೊಸದಾಗಿ ಸಂಧಿವಾತ ಬಂದವರಲ್ಲಿ ಒಂದು ಜಾತಿಯ ಪ್ರೆವೊಟೆಲ್ಲಾವೇ ಜಾಸ್ತಿ ಇತ್ತು.

ಈಗ ಮಾತ್ರೆ. ಹೊಟ್ಟೆಯ ಆಮ್ಲ ಒಂದು ಸುಂಕದಕಟ್ಟೆ ಇದ್ದ ಹಾಗೆ. ದಿನಕ್ಕೆ ಒಂದು ಲೀಟರಿನ ಆಸುಪಾಸು ಎಂಜಲು ನುಂಗುತ್ತೇವೆ. ಅದರ ಜೊತೆ ಬಾಯಿಯ ಬ್ಯಾಕ್ಟೀರಿಯಾವೂ ಕೋಟಿಗಟ್ಟಲೆ ಇಳಿಯುತ್ತದೆ. ಬಹುಪಾಲು ಆ ಕಟ್ಟೆಯಲ್ಲೇ ಸಾಯುತ್ತದೆ. ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್ ಜಾತಿಯ ಮಾತ್ರೆ ಆಮ್ಲದ ಪಂಪನ್ನೇ ನಿಲ್ಲಿಸುತ್ತದೆ. ಹೊಟ್ಟೆಯ ಪಿಎಚ್ (ಆಮ್ಲದ ಅಳತೆ, ಏರಿದಷ್ಟೂ ಆಮ್ಲ ಕಡಿಮೆ) 2ರಿಂದ 4ಕ್ಕೆ ಏರಿದರೆ ಆಮ್ಲ ನೂರು ಪಟ್ಟು ತೆಳು ಆಯಿತು ಅಂತ ಲೆಕ್ಕ. ಕಟ್ಟೆ ತೆರೆದೇ ಇರುತ್ತದೆ.

ಇದನ್ನು ಚೆನ್ನಾಗಿ ತೋರಿಸಿದ್ದು ಕೂಡ ನೆದರ್ಲೆಂಡ್ಸೇ, ಖ್ರೋನಿಂಗನ್ ಊರಿನವರು, 2016ರಲ್ಲಿ. 1,815 ಜನರಲ್ಲಿ 211 ಮಂದಿ ಈ ಮಾತ್ರೆ ತಿನ್ನುವವರು. ಅವರ ಕರುಳಿನಲ್ಲಿ ಸ್ಟ್ರೆಪ್ಟೊಕಾಕಸ್, ಎಂಟರೊಕಾಕಸ್, ಸ್ಟ್ಯಾಫಿಲೊಕಾಕಸ್ ಜಾಸ್ತಿ. ಬಾಯಲ್ಲಿ ಇರಬೇಕಾದವು ಕೆಳಗೆ ಸಿಕ್ಕವು. ಒಟ್ಟು ಜನಸಂಖ್ಯೆಯ ಮಟ್ಟದಲ್ಲಿ ನೋಡಿದರೆ ಇದರ ಪರಿಣಾಮ ಆಂಟಿಬಯೊಟಿಕ್‌ಗಿಂತಲೂ ಎದ್ದು ಕಾಣುತ್ತದೆ ಅಂತ ಬರೆದರು. ಆಂಟಿಬಯೊಟಿಕ್ ಐದು ದಿನಕ್ಕೆ ಮುಗಿಯುತ್ತದೆ. ಇದು ಮದುವೆ ವರ್ಷದಿಂದ ನಡೆಯುತ್ತದೆ.

ಅದೇ ವರ್ಷ ಬ್ರಿಟನ್ನಿನಲ್ಲಿ ಅವಳಿಗಳನ್ನು ನೋಡಿದರು. ಒಬ್ಬರು ಮಾತ್ರೆ ತಿನ್ನುವವರು, ಇನ್ನೊಬ್ಬರು ತಿನ್ನದವರು. ಜೀನ್ ಒಂದೇ ಇದ್ದರೂ ಸ್ಟ್ರೆಪ್ಟೊಕಾಕಸ್ ಜಾತಿಯವು ಮಾತ್ರೆಯವರ ಕಡೆಗೇ ಜಾಸ್ತಿ. ನೀವು ಯಾವ ಜನಾಂಗ ಅಂತ ಆ ಮಾತ್ರೆ ಕೇಳುವುದಿಲ್ಲ.

ರಾತ್ರಿಪಾಳಿ | ಮಂಗಳವಾರ, ರಾತ್ರಿ 11:50

ಸ್ಟಾಫ್ ನರ್ಸ್, ವಾರ್ಡಿನಿಂದಲೇ ಬರೆಯುತ್ತಿದ್ದೇನೆ. ಗಂಡು ಹೆಣ್ಣು ಪ್ರಶ್ನೆ ಎಲ್ಲರೂ ಬಿಟ್ಟೇಬಿಟ್ಟಿರಿ.

ನನ್ನದೇ ಹೇಳುತ್ತೇನೆ. ಥೈರಾಯ್ಡ್ ಮಾತ್ರೆ ಬೆಳಗ್ಗೆ ಖಾಲಿ ಹೊಟ್ಟೆಗೆ. ನೈಟ್ ಡ್ಯೂಟಿ, ಕಾಫಿ, ಎದೆಯುರಿ, ಅಂತ ಅದರ ಬೆನ್ನಿಗೇ ಗ್ಯಾಸ್ಟ್ರಿಕ್ ಮಾತ್ರೆ. ಎಂಟು ತಿಂಗಳು ಟಿಎಸ್‌ಎಚ್ (ಥೈರಾಯ್ಡ್ ರಕ್ತಪರೀಕ್ಷೆಯ ಅಂಕಿ) ಇಳಿಯಲೇ ಇಲ್ಲ. ತೋರಿಸಿದ ಕಡೆ ಡೋಸ್ ಏರಿಸುತ್ತಲೇ ಹೋದರು. ಬೇರೆ ಏನೇನು ನುಂಗುತ್ತೀಯಮ್ಮ ಅಂತ ಒಬ್ಬರೂ ಕೇಳಲಿಲ್ಲ. ಥೈರಾಯ್ಡ್ ಮಾತ್ರೆ ಕರಗಿ ಒಳಗೆ ಹೋಗಲು ಆಮ್ಲ ಬೇಕು. ಕಬ್ಬಿಣಕ್ಕೂ ಬೇಕು, ಮಾಂಸದ್ದಕ್ಕಿಂತ ರಾಗಿ, ಸೊಪ್ಪಿನ ಕಬ್ಬಿಣಕ್ಕಂತೂ ಜಾಸ್ತಿ. ಥೈರಾಯ್ಡ್ ಯಾರಿಗೆ ಜಾಸ್ತಿ? ರಕ್ತಹೀನತೆ ಯಾರಿಗೆ ಜಾಸ್ತಿ? ಹೆಂಗಸರಿಗೆ. ಹಾಗಾಗಿ ಮಾತ್ರೆ ಒಂದೇ ಆದರೂ ಪೆಟ್ಟು ಒಂದೇ ಅಲ್ಲ.

ಮಾತ್ರೆಯ ಹೆಸರಿನ ಕೊನೆಗೆ "ಡಿ" ಇದ್ದರೆ ಸಾಮಾನ್ಯವಾಗಿ ಅದರಲ್ಲಿ ಡೊಂಪೆರಿಡೋನ್ (ವಾಂತಿ ತಡೆಯುವ ಔಷಧಿ) ಕೂಡ ಇರುತ್ತದೆ. ಅದು ಪ್ರೊಲ್ಯಾಕ್ಟಿನ್ ಹಾರ್ಮೋನ್ ಏರಿಸುತ್ತದೆ. ಮುಟ್ಟು ಏರುಪೇರಾಗಬಹುದು, ಬಾಣಂತಿ ಅಲ್ಲದವರಿಗೂ ಎದೆಯಲ್ಲಿ ಹಾಲು ಒಸರಬಹುದು. ಹೃದಯದ ಬಡಿತದ ಕಾರಣಕ್ಕೆ ಯುರೋಪಿನವರು 2014ರಲ್ಲೇ ಇದನ್ನು ಒಂದು ವಾರಕ್ಕಿಂತ ಹೆಚ್ಚು ಕೊಡಬೇಡಿ ಅಂದಿದ್ದಾರೆ. ನಮ್ಮಲ್ಲಿ ತಿಂಡಿಗೆ ಮುಂಚೆ ಶಂಭೋಶಂಕರ ಅಂತ ನುಂಗುತ್ತಾರೆ.

ಹುದುಗು | ಬುಧವಾರ, ಬೆಳಗ್ಗೆ 8:10

ರಾತ್ರಿಪಾಳಿ ಅಕ್ಕ, ಒಳ್ಳೆಯ ಜಾಗದಲ್ಲಿ ಚುಚ್ಚಿದಿರಿ.

ಬ್ಯಾಕ್ಟೀರಿಯಾದ ಮಟ್ಟಿಗೆ ಹೇಳುವುದಾದರೆ, 2019ರಲ್ಲಿ ನಾಲ್ಕು ದೇಶದ ಮಾಹಿತಿ ಇಟ್ಟುಕೊಂಡು ನೋಡಿದರು. ಅಮೆರಿಕ, ಬ್ರಿಟನ್, ಕೊಲಂಬಿಯಾದಲ್ಲಿ ಹರೆಯದ ಹೆಂಗಸರ ಕರುಳಿನಲ್ಲಿ ಅದೇ ವಯಸ್ಸಿನ ಗಂಡಸರಿಗಿಂತ ವೈವಿಧ್ಯ ಜಾಸ್ತಿ ಇತ್ತು. ಸುಮಾರು 40 ದಾಟಿದ ಮೇಲೆ ಆ ಏರಿಕೆ ನಿಲ್ಲುತ್ತದೆ. ಚೀನಾದವರಲ್ಲಿ ಮಾತ್ರ ಈ ವ್ಯತ್ಯಾಸ ಕಾಣಲೇ ಇಲ್ಲ. ಗಂಡು ಹೆಣ್ಣಿನ ವ್ಯತ್ಯಾಸ ಕೂಡ ಊರು ನೋಡಿಕೊಂಡು ಬರುತ್ತದೆ!

ಕಾರಣ ಒಂದಲ್ಲ. ಈಸ್ಟ್ರೊಜನ್ ಅನ್ನುವ ಹೆಣ್ಣು ಹಾರ್ಮೋನ್ ಪಿತ್ತದ ಜೊತೆ ಕರುಳಿಗೆ ಇಳಿಯುತ್ತದೆ. ಅಲ್ಲಿ ಕೆಲವು ಬ್ಯಾಕ್ಟೀರಿಯಾ ಅದರ ಕಟ್ಟು ಬಿಚ್ಚಿ ವಾಪಸ್ ರಕ್ತಕ್ಕೆ ಹೋಗಲು ಬಿಡುತ್ತವೆ. ಹೆಂಗಸರ ಕರುಳು ನಿಧಾನವಾಗಿ ಚಲಿಸುತ್ತದೆ, ಮಲಬದ್ಧತೆ ಅವರಲ್ಲಿ ಜಾಸ್ತಿ. 2016ರಲ್ಲಿ ಬೆಲ್ಜಿಯಮ್ಮಿನ ಫ್ಲೆಮಿಶ್ ಜನರ ಅಧ್ಯಯನದಲ್ಲಿ ಎಲ್ಲಕ್ಕಿಂತ ಮೇಲೆ ಬಂದ ಅಂಶ ಯಾವುದು ಹೇಳಿ? ಮಲ ಗಟ್ಟಿಯೋ ಮೆತ್ತಗೋ ಅನ್ನುವುದು! ಕೋಟಿ ಖರ್ಚು ಮಾಡಿ ಅಜ್ಜಿಯ ಬೆಳಗಿನ ಪ್ರಶ್ನೆಗೇ ಬಂದು ನಿಂತರು.

ಇನ್ನೊಂದು. ಥೈಲ್ಯಾಂಡಿನಿಂದ ಅಮೆರಿಕಕ್ಕೆ ಹೋದ ಮೊಂಗ್ ಮತ್ತು ಕರೆನ್ ಜನರ ಅಧ್ಯಯನ (2018) ಪೂರ್ತಿ ಹೆಂಗಸರ ಮೇಲೆಯೇ ನಡೆದದ್ದು. ಅಮೆರಿಕ ತಲುಪಿದ ಕೆಲವೇ ತಿಂಗಳಲ್ಲಿ ಪ್ರೆವೊಟೆಲ್ಲಾ ಹೋಗಿ ಬ್ಯಾಕ್ಟೀರಾಯ್ಡಿಸ್ ಬರತೊಡಗಿತು. ಊರಿನ ಅಡುಗೆ ಪೂರ್ತಿ ಬಿಡದವರಲ್ಲೂ.

ಕಡಲತಡಿ | ಬುಧವಾರ, ಬೆಳಗ್ಗೆ 9:00

ಹಾರ್ಮೋನ್ ಇರಲಿ. ನಮ್ಮ ಅಮ್ಮ ಬೆಳಗ್ಗೆ ಐದಕ್ಕೆ ಎದ್ದು ಖಾಲಿ ಹೊಟ್ಟೆಗೆ ಎರಡು ಲೋಟ ಕಾಫಿ, ಪೂಜೆ, ಎಲ್ಲರ ತಿಂಡಿ, ಆಮೇಲೆ ಹತ್ತೂವರೆಗೆ ತಣ್ಣಗಾದ ದೋಸೆ ತಿನ್ನುತ್ತಾರೆ. ಸಂಕಷ್ಟಿ, ಏಕಾದಶಿ, ಶನಿವಾರ ಒಪ್ಪತ್ತು ಬೇರೆ. ಅಪ್ಪನಿಗೆ ಎಂಟಕ್ಕೆ ಬಿಸಿ ದೋಸೆ. ಒಂದೇ ಮನೆ, ಒಂದೇ ಹಿಟ್ಟು. ಎದೆಯುರಿ ಅಮ್ಮನಿಗೆ ಮಾತ್ರ. ಇದನ್ನು ಯಾವ ಕಾಲಮ್ಮಿನಲ್ಲಿ ಬರೆಯುವುದು?

ಗಟ್‌ಗುರು_ಆಫರ್ | ಬುಧವಾರ, ಬೆಳಗ್ಗೆ 9:22

[ಈ ಪೋಸ್ಟ್ ತೆಗೆಯಲಾಗಿದೆ. ಮಲ ಪರೀಕ್ಷೆ ಕಿಟ್, ಪ್ರೋಬಯೊಟಿಕ್ ಪುಡಿ ಮಾರಾಟಕ್ಕೆ ಇಲ್ಲಿ ಜಾಗ ಇಲ್ಲ. — ಮಾಡರೇಟರ್]

ಮಾತ್ರೆಡಬ್ಬಿ | ಬುಧವಾರ, ರಾತ್ರಿ 10:35

ಕಾಲುವೆಪಕ್ಕ ಸಾರ್, ಪಾದ ಜುಮ್ ಅನ್ನುವುದನ್ನು ಸಕ್ಕರೆ ಅಂತ ಬಿಡಬೇಡಿ. ಬಿ12 ವಿಟಮಿನ್ ಕಡಿಮೆಯಾದರೂ ಹಾಗಾಗುತ್ತದೆ, ಅದನ್ನು ನೋಡಿಸಿ. ಊಟದಲ್ಲಿನ ಬಿ12 ಬಿಡಿಸಿಕೊಳ್ಳಲು ಆಮ್ಲ ಬೇಕು. ಮೆಟ್‌ಫಾರ್ಮಿನ್ ಕೂಡ ಅದನ್ನು ತಗ್ಗಿಸುತ್ತದೆ. ಅಮ್ಮ ಸಸ್ಯಾಹಾರಿ ಆದರೆ ಮೂರು ಕಡೆಯಿಂದ ಹೊಡೆತ. ಉತ್ತರ ಕ್ಯಾಲಿಫೋರ್ನಿಯಾದಲ್ಲಿ 2013ರಲ್ಲಿ ಲೆಕ್ಕ ಹಾಕಿದ್ದರು. ಬಿ12 ಕೊರತೆ ಇದ್ದವರಲ್ಲಿ ನೂರಕ್ಕೆ 12 ಜನ ಎರಡು ವರ್ಷಕ್ಕೂ ಹೆಚ್ಚು ಈ ಜಾತಿಯ ಮಾತ್ರೆ ತಗೊಂಡವರು. ಕೊರತೆ ಇಲ್ಲದವರಲ್ಲಿ ಸುಮಾರು 7. ಆ ನಂಟು ಹೆಂಗಸರಲ್ಲಿ ಇನ್ನೂ ಗಟ್ಟಿ.

ಜನಾಂಗದ ಬಗ್ಗೆ ನನ್ನ ಕಡೆಯಿಂದಲೂ ಒಂದು. ಈ ಮಾತ್ರೆಯನ್ನು ಲಿವರ್‌ನಲ್ಲಿ ಒಡೆಯುವ ಒಂದು ಕಿಣ್ವ ಇದೆ. ಅದು ತೀರಾ ನಿಧಾನ ಇರುವವರು ಯುರೋಪಿನಲ್ಲಿ ನೂರಕ್ಕೆ 2ರಿಂದ 5. ಏಷ್ಯಾದಲ್ಲಿ ಅದಕ್ಕಿಂತ ಬಹಳ ಜಾಸ್ತಿ, ನಮ್ಮಲ್ಲೂ ಹಾಗೆಯೇ. ಅವರಿಗೆ ಅದೇ 40 ಮಿಲಿಗ್ರಾಂ ಹೆಚ್ಚು ಹೊತ್ತು ರಕ್ತದಲ್ಲಿ ಉಳಿಯುತ್ತದೆ. ಇದು ಮಾತ್ರ ನಿಜವಾಗಿ ಜೀನ್ ವಿಷಯ.

ಬಿಡಿಸಬೇಕಾದರೆ ಒಂದೇ ದಿನಕ್ಕೆ ನಿಲ್ಲಿಸಬೇಡಿ. 2009ರಲ್ಲಿ ಡೆನ್ಮಾರ್ಕಿನಲ್ಲಿ 120 ಆರೋಗ್ಯವಂತರ ಮೇಲೆ ನೋಡಿದ್ದಾರೆ. ಅವರಿಗೆ ಎದೆಯುರಿ ಇರಲೇ ಇಲ್ಲ. ಅರ್ಧ ಜನಕ್ಕೆ ಎಂಟು ವಾರ ಈ ಜಾತಿಯ ಮಾತ್ರೆ ಕೊಟ್ಟು ನಿಲ್ಲಿಸಿದರು. ಮುಂದಿನ ನಾಲ್ಕು ವಾರದಲ್ಲಿ ಅವರಲ್ಲಿ ನೂರಕ್ಕೆ 44 ಜನಕ್ಕೆ ಉರಿ, ಹುಳಿತೇಗು ಬಂತು. ಔಷಧಿಯೇ ಇಲ್ಲದ ಸುಳ್ಳು ಮಾತ್ರೆ ತಗೊಂಡ ಉಳಿದರ್ಧ ಜನರಲ್ಲಿ 15. ಪಂಪನ್ನು ಅಮುಕಿ ಹಿಡಿದಿದ್ದರೆ ಕೈ ಬಿಟ್ಟಾಗ ಜೋರಾಗಿ ಚಿಮ್ಮುತ್ತದೆ. ಜನ ಏನಂದುಕೊಳ್ಳುತ್ತಾರೆ? "ನೋಡಿ, ಮಾತ್ರೆ ಬಿಟ್ಟರೆ ಆಗಲ್ಲ" ಅಂತ ಮತ್ತೆ ನನ್ನ ಅಂಗಡಿಗೆ ಬರುತ್ತಾರೆ. ಡಾಕ್ಟರ್ ಕೇಳಿಕೊಂಡು 40 ಇದ್ದದ್ದು 20, ಆಮೇಲೆ ದಿನ ಬಿಟ್ಟು ದಿನ, ಹಾಗೆ ಇಳಿಸಿ.

ಜೋಳದರೊಟ್ಟಿ | ಗುರುವಾರ, ಬೆಳಗ್ಗೆ 6:48

ನಮ್ಮ ಮನೆಯಲ್ಲಿ ನಾನೇ ಈ ಮಾತ್ರೆ ತಗೊಳ್ಳುವವನು. ರಾತ್ರಿ ಹತ್ತಕ್ಕೆ ಮಿರ್ಚಿ ಭಜಿ, ಹತ್ತೂವರೆಗೆ ಮಲಗುವುದು, ಬೆಳಗ್ಗೆ ಮಾತ್ರೆ. ಇದನ್ನೆಲ್ಲ ಓದಿದ ಮೇಲೆ ಯಾವುದನ್ನು ಮೊದಲು ಬಿಡಬೇಕು ಅಂತ ಗೊತ್ತಾಯಿತು. ಆದರೆ ಭಜಿ ಬಹಳ ಚೆನ್ನಾಗಿರುತ್ತದ್ರೀ.

ಕಾಲುವೆಪಕ್ಕ | ಏಳು ವಾರದ ನಂತರ, ಶನಿವಾರ, ಸಂಜೆ 5:20

ಅಪ್‌ಡೇಟ್ ಕೊಡದೆ ಓಡಿಹೋದೆ ಅಂದುಕೊಳ್ಳಬೇಡಿ.

ಬಿ12 ನೋಡಿಸಿದೆವು, 148 ಬಂತು. ಅಲ್ಲೇ ಇಂಜೆಕ್ಷನ್ ಶುರು ಮಾಡಿದರು. ಇಲ್ಲಿನ ಡಾಕ್ಟರ್ ಮಾತ್ರೆಯ ಪಟ್ಟಿ ನೋಡಿ ಪ್ಯಾಂಟೊಪ್ರಜೋಲ್ ಮೇಲೆ ಪೆನ್ ಇಟ್ಟು "ಇದು ಯಾಕೆ?" ಅಂತ ಕೇಳಿದರು. ಅಮ್ಮ ನನ್ನ ಮುಖ ನೋಡಿದರು, ನಾನು ಅಮ್ಮನ ಮುಖ ನೋಡಿದೆ. 20ಕ್ಕೆ ಇಳಿಸಿ, ಮೂರು ವಾರ ಆದ ಮೇಲೆ ದಿನ ಬಿಟ್ಟು ದಿನ.

ಎರಡನೇ ವಾರ ಕಷ್ಟ ಆಯಿತು. ಮಾತ್ರೆಡಬ್ಬಿ ಸಾರ್ ಹೇಳಿದ ಹಾಗೆಯೇ, ರಾತ್ರಿ ಎರಡಕ್ಕೆ ಎದ್ದು ಕೂತು "ನನ್ನ ಪಾಡಿಗೆ ನನ್ನ ಬಿಡಬಾರದಾ" ಅಂತ ಬೈದರು. ನಿಮ್ಮ ಪೋಸ್ಟಿನ ಆ 44ರ ಲೆಕ್ಕ ಓದಿ ಹೇಳಿದೆ. "ಹಾಗಾದರೆ ಉಳಿದ 56 ಜನಕ್ಕೆ ಆಗಲಿಲ್ವಲ್ಲ, ನನಗೇ ಯಾಕೆ" ಅಂದರು. ಉತ್ತರ ಇರಲಿಲ್ಲ. ಮಂಚದ ತಲೆಕಡೆ ಎರಡು ದಪ್ಪ ಡಚ್ ಡಿಕ್ಷನರಿ ಇಟ್ಟು ಎತ್ತರ ಮಾಡಿದೆ. ಅವು ನನಗೆ ಉಪಯೋಗಕ್ಕೆ ಬಂದದ್ದು ಇದೇ ಮೊದಲು. ಕಾಫಿ ತಿಂಡಿ ಆದ ಮೇಲೆ ಅಂತ ಮಾಡಿಕೊಂಡರು. ರಾತ್ರಿ ಊಟ ಏಳೂವರೆಗೆ. ಈಗ ವಾರಕ್ಕೆ ಎರಡು ಮಾತ್ರೆ. ಪಾದದ ಜುಮ್ ಪೂರ್ತಿ ಹೋಗಿಲ್ಲ, ಕಡಿಮೆ ಆಗಿದೆ ಅನ್ನುತ್ತಾರೆ.

ಹೋದ ಭಾನುವಾರ ಸಹೋದ್ಯೋಗಿಯ ಮನೆಗೆ ಊಟಕ್ಕೆ ಹೋಗಿದ್ದೆವು. ಅವರ ರೊಟ್ಟಿ ದೊಡ್ಡದು, ಮೆತ್ತಗೆ. ಜೊತೆಗೆ ಆಲೂಗಡ್ಡೆ, ಉದ್ದದ ಹಸಿರು ಕಾಯಿಯ ಪಲ್ಯ. ಅವರು ಅದಕ್ಕೆ ಕೌಸೆಬಂಡ್ ಅಂತಾರೆ. ಅಮ್ಮ ಒಂದು ತುಂಡು ಎತ್ತಿ ಬೆರಳಲ್ಲಿ ಒತ್ತಿ ನೋಡಿ "ಇದು ನಮ್ಮ ಅಲಸಂದೆ ಕಾಯಿ ಕಣೋ" ಅಂದರು. ಆ ಮನೆಯ ಅಜ್ಜಿಗೆ 81. ಅವರದ್ದು ಸರ್ನಾಮಿ, ಅಮ್ಮನದ್ದು ಕನ್ನಡ. ಒಗ್ಗರಣೆಗೆ ಏನು ಹಾಕುತ್ತೀರಿ ಅಂತ ಇಬ್ಬರೂ ಅರ್ಧ ಗಂಟೆ ಕೈಸನ್ನೆಯಲ್ಲೇ ಮಾತಾಡಿದರು. ಹೊರಡುವಾಗ ಅಜ್ಜಿ ತಮ್ಮ ಮಾತ್ರೆ ಡಬ್ಬಿ ತೆಗೆದು ಅಮ್ಮನಿಗೆ ತೋರಿಸಿದರು. ಅದರಲ್ಲೂ ಒಮೆಪ್ರಜೋಲ್ ಇತ್ತು. ಅಮ್ಮ ಅದನ್ನು ಎತ್ತಿ ಹಿಡಿದು, "ಇದು ಯಾಕೆ ಅಂತ ಕೇಳೋ" ಅಂದರು.